ಮಗ್ಗುಲ ಸಾಲಿನ ಸಾಕ್ಷಿ

ಒಂದು ಹೆಸರು ಬರೆದರೆ ಮುಗಿಯುತ್ತದೆ. ಮುಗಿಯುತ್ತದೆಯೇ? ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಅವರು ಕೇಳಿದರೆ? ಕೇಳಲಿಕ್ಕಿಲ್ಲ. ಕೇಳಿದರೆ, ಮರೆತಿದ್ದೆ ಎನ್ನಬಹುದು. ಹದಿನಾಲ್ಕು ತಿಂಗಳು ಮರೆಯುವುದುಂಟೇ?

ಸಿಂದಗಿಯಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ಸುಧೀರ ಮೊಬೈಲಿನ ಪರದೆಯನ್ನೇ ನೋಡುತ್ತ ಕುಳಿತಿದ್ದ. ಎರಡನೆಯ ವರ್ಷದ ಧನಸಹಾಯಕ್ಕೆಂದು ವಿದೇಶದ ಸಂಸ್ಥೆಯೊಂದು ಕಳಿಸಿದ್ದ ಅರ್ಜಿ ಅದು. ಉಳಿದೆಲ್ಲ ತುಂಬಿತ್ತು. 'ಈ ಕೆಲಸದಲ್ಲಿ ನಿಮ್ಮೊಂದಿಗೆ ಇದ್ದವರು' ಎಂಬ ಕಾಲಂ ಮಾತ್ರ ಖಾಲಿ. ಅಲ್ಲಿ ಗೆಳೆಯ ಪ್ರೇಮಕುಮಾರನ ಹೆಸರಿದ್ದರೆ ಈ ವರ್ಷ ಇಬ್ಬರಿಗೂ ಸಂಬಳ, ಇಲ್ಲದಿದ್ದರೆ ಒಬ್ಬನಿಗೇ. ಅಂದು ಭಾನುವಾರ, ಅದೇ ಕೊನೆಯ ದಿನ. ಇದು ಗೊತ್ತಿದ್ದೂ ಅವನು ಪ್ರೇಮಕುಮಾರನ ಮನೆಗೆ ಊಟಕ್ಕೆ ಹೊರಟಿದ್ದ.

ಇಬ್ಬರೂ ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದವರು. ಸುಧೀರ ದಿನಾ ಸಿಂದಗಿಯಿಂದ ದೇವರ ಹಿಪ್ಪರಗಿ ಹಾಯ್ದು ಬರುತ್ತಿದ್ದ. ಪ್ರೇಮಕುಮಾರ ಅಲ್ಲೇ ಖೋಲಿ ಹಿಡಿದಿದ್ದ. ಊಟದ ಬಿಡುವಿನಲ್ಲಿ ಖಾಲಿ ಲ್ಯಾಬಿನಲ್ಲಿ ಕೂತು ಇಬ್ಬರೂ ಒಂದು ತಂತ್ರಾಂಶದ ಬಗ್ಗೆ ಮಾತಾಡುತ್ತಿದ್ದರು.

ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಗಣಿಗಾರಿಕೆಯಲ್ಲಿ ಲಕ್ಷಾಂತರ ಕಂಪ್ಯೂಟರ್ ಯಂತ್ರಗಳು ಒಂದು ಗುಟ್ಟಿನ ಸಂಖ್ಯೆಗಾಗಿ ಹುಡುಕಾಡುತ್ತವೆ. ಸಿಕ್ಕವನಿಗೆ ಬಹುಮಾನ. ಒಂದೆರಡು ಯಂತ್ರ ಇಟ್ಟುಕೊಂಡವನಿಗೆ ಅದು ಜನ್ಮದಲ್ಲಿ ಸಿಗುವುದಿಲ್ಲ. ಅಂಥವರು ಪೂಲ್ ಎಂಬ ಗುಂಪು ಸೇರುತ್ತಾರೆ, ಯಾರಿಗೆ ಸಿಕ್ಕರೂ ದುಡಿತಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಾರೆ. ಆದರೆ ಪೂಲಿಗೊಬ್ಬ ಒಡೆಯನಿರುತ್ತಾನೆ. ಯಾರು ಎಷ್ಟು ದುಡಿದರೆಂದು ಅವನು ಹೇಳಿದ್ದೇ ನಿಜ. ಒಡೆಯನಿಲ್ಲದ ಪೂಲ್ ಕಟ್ಟಬೇಕೆಂಬ ಹಂಬಲ ಸುಧೀರನದು. ಒಡೆಯನಿಲ್ಲದೆ ದುಡಿತ ಅಳೆಯುವುದು ಹೇಗೆ ಎಂಬಲ್ಲಿ ಅವನು ಆರು ತಿಂಗಳು ನಿಂತುಬಿಟ್ಟಿದ್ದ.

ದಾರಿ ತೋರಿಸಿದವನು ಪ್ರೇಮಕುಮಾರ. ಅವನ ತಾಯಿ ಯಲ್ಲವ್ವ ತೊಗರಿ ಹೊಲಗಳಲ್ಲಿ ಕಸ ತೆಗೆಯುವ ಹೆಂಗಸರ ಗುಂಪಿನಲ್ಲಿದ್ದಳು. ಆ ಗುಂಪಿಗೆ ಮೇಸ್ತ್ರಿ ಇಲ್ಲ, ಬರೆದಿಡುವವರೂ ಇಲ್ಲ. ಪ್ರತಿಯೊಬ್ಬಳೂ ತನ್ನ ಎಡಬಲದವರು ತೆಗೆದ ಸಾಲುಗಳನ್ನು ನೆನಪಿಡುತ್ತಾಳೆ. ತನ್ನ ಸಾಲನ್ನು ತಾನು ಹೇಳುವಂತಿಲ್ಲ, ಮಗ್ಗುಲಿನವಳೇ ಹೇಳಬೇಕು. ಸಂಜೆ ಎರಡೂ ಮಗ್ಗುಲಿನವರ ಮಾತು ಕೂಡಿದರೆ ಅದೇ ನಿಜ. ಯಂತ್ರಗಳೂ ಹಾಗೆಯೇ ಒಂದಕ್ಕೊಂದು ಸಾಕ್ಷಿ ನುಡಿದರೆ ಹೇಗೆ ಎಂದು ಪ್ರೇಮಕುಮಾರ ಕೇಳಿದ.

ಅವನ ಲ್ಯಾಪ್‌ಟಾಪ್ ಕೆಟ್ಟಿತ್ತು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಕೋಡ್ ಬರೆದು ತರುತ್ತಿದ್ದ. ಸುಧೀರ ಅದನ್ನು ಟೈಪ್ ಮಾಡಿ, ಅಂತರ್ಜಾಲದಲ್ಲಿ ಎಲ್ಲರೂ ನೋಡುವ ಜಾಗಕ್ಕೆ ತನ್ನ ಖಾತೆಯಿಂದ ಏರಿಸುತ್ತಿದ್ದ. ಏರಿಸಿದವನ ಹೆಸರು ತಾನಾಗಿಯೇ ಬೀಳುತ್ತದೆ. ಜೊತೆಗಾರನದನ್ನು ಕೆಳಗೊಂದು ಸಾಲಿನಲ್ಲಿ ಬೇರೆ ಬರೆಯಬೇಕು. ಮೊದಲ ದಿನ ಅವಸರದಲ್ಲಿ ಬಿಟ್ಟುಹೋಯಿತು. ಎರಡನೆಯ ದಿನ, ಆಮೇಲೆ ಒಟ್ಟಿಗೇ ಹಾಕಿದರಾಯಿತು ಅನಿಸಿತು.

ಮೊದಲ ವರ್ಷದ ಧನಸಹಾಯಕ್ಕೆ ಮುನ್ನ, ಈ ವಿಚಾರ ಹೇಗೆ ಹೊಳೆಯಿತು ಎಂದು ಸಂಸ್ಥೆಯವರು ವಿಡಿಯೊ ಕರೆಯಲ್ಲಿ ಕೇಳಿದಾಗ ಸುಧೀರ ಕಸ ತೆಗೆಯುವ ಹೆಂಗಸರ ಸಂಗತಿ ಹೇಳಿದ. ನಿಮ್ಮ ಮನೆಯವರೇ ಎಂದು ಆ ಕಡೆಯಿದ್ದ ಹೆಂಗಸು ಕೇಳಿದಳು. ಅವನು ನಕ್ಕ. ಆಕೆ ಅದನ್ನು ಹೌದೆಂದು ತಿಳಿದಳು. ಪ್ರೇಮಕುಮಾರ ಕ್ಯಾಮೆರಾಕ್ಕೆ ಕಾಣದಂತೆ ಎದುರಿನ ಬೆಂಚಿನ ಮೇಲೆ ಕೂತಿದ್ದ. ಕರೆ ಮುಗಿದ ಮೇಲೆ, ಚೊಲೋ ಮಾತಾಡಿದಿ ಎಂದಷ್ಟೇ ಅಂದ. ಹಣ ಮಂಜೂರಾಯಿತು, ಸುಧೀರ ಕಾಲೇಜು ಬಿಟ್ಟ. ಪ್ರೇಮಕುಮಾರನನ್ನು ಮರುವರ್ಷ ಕಾಲೇಜಿನವರು ಕರೆಯಲಿಲ್ಲ, ಅವನು ಇಂಡಿಗೆ ತಾಯಿಯ ಮನೆಗೆ ಮರಳಿದ.

ಸುಧೀರ ಇಂಡಿ ತಲುಪಿದಾಗ ಯಲ್ಲವ್ವ ಬಾಗಿಲಲ್ಲೇ ನಿಂತಿದ್ದಳು. ಮಗನ ಗೆಳೆಯನಿಗೂ ಆಕೆ ಬಹುವಚನ ಬಿಟ್ಟಿರಲಿಲ್ಲ. ಬಿಡಿರೆಂದು ಅವನೂ ಹೇಳಿರಲಿಲ್ಲ.

"ಬರ್ರಿ ಸುಧೀರಪ್ಪ. ಪರದೇಶದವ್ರು ಬರೇ ರೊಕ್ಕ ಕೊಡ್ತಾರೋ, ರೊಟ್ಟಿನೂ ಕೊಡ್ತಾರೋ? ಕಡ್ಡಿ ಆಗೀರಲ್ರಿ."

"ಅವ ಮೊದಲಿಂದಲೂ ಕಡ್ಡೀನ ಬೇ," ಎಂದು ಪ್ರೇಮಕುಮಾರ ಒಳಗಿನಿಂದ ನಕ್ಕ.

ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಉಣ್ಣುತ್ತ ಪ್ರೇಮಕುಮಾರ ಸುದ್ದಿ ಹೇಳಿದ. ಮುದ್ದೇಬಿಹಾಳದಲ್ಲಿ ಪರಿಚಯದ ಫಕ್ರುದ್ದೀನರ ತೊಗರಿ ಗೋದಾಮಿನಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿದೆ, ನಾಳೆ ಸೋಮವಾರವೇ ಹಾಜರಾಗಬೇಕು, ಬೆಳಗಿನಿಂದ ಸಂಜೆಯವರೆಗೆ ಪುರುಸೊತ್ತಿಲ್ಲ. ಬೇರೆ ದಾರಿ ಇದ್ದಿದ್ದರೆ ಹೋಗುತ್ತಿರಲಿಲ್ಲ ಎಂದು ಅವನು ಹೇಳಲಿಲ್ಲ. ಆ ಬೇರೆ ದಾರಿ ಸುಧೀರನ ಅಂಗಿಯ ಜೇಬಿನ ಮೊಬೈಲಿನಲ್ಲಿತ್ತು.

ತಾಟು ತೆಗೆದಿಟ್ಟು ಯಲ್ಲವ್ವ ಹತ್ತಿರ ಬಂದು ಕೂತಳು.

"ನಮ್ಮ ಪ್ರೇಮ್ಯಾ ಬರದದ್ದು ಜಗತ್ತೆಲ್ಲ ನೋಡ್ತೈತಂತಲ್ರಿ. ನನಗೂ ಒಮ್ಮಿ ತೋರಸ್ರಿ."

ಸುಧೀರ ಮೊಬೈಲಿನಲ್ಲಿ ಕೋಡ್ ಏರಿಸಿದ್ದ ಪುಟ ತೆರೆದ. ಪರದೆಯ ತುಂಬ ಇಂಗ್ಲಿಷ್. ಯಲ್ಲವ್ವ ಕನ್ನಡ ಓದಬಲ್ಲಳು, ಇದನ್ನಲ್ಲ.

"ಇದರಾಗ ಇವನ ಹೆಸರು ಎಲ್ಲೈತ್ರಿ?"

ಪ್ರತಿ ಬದಲಾವಣೆಯ ಪಕ್ಕದಲ್ಲೂ ಒಂದೇ ಹೆಸರಿತ್ತು. ಪ್ರೇಮಕುಮಾರ ಹೊಸ್ತಿಲ ಮೇಲೆ ಕೂತು ಓಣಿಯ ಕಡೆ ನೋಡುತ್ತಿದ್ದ. ಸುಧೀರ ತನ್ನ ಹೆಸರಿನ ಮೇಲೆ ಬೆರಳಿಟ್ಟ.

"ಇಲ್ಲೈತ್ರಿ, ಅವ್ವ."

ಯಲ್ಲವ್ವ ಬಗ್ಗಿ ನೋಡಿದಳು. ಅಕ್ಷರ ಗೊತ್ತಿಲ್ಲದಿದ್ದರೂ ಆಕಾರ ಹಿಡಿದಳು. ಉಗುರಿನಿಂದ ಒಂದೊಂದನ್ನೇ ಮುಟ್ಟುತ್ತ ಕೆಳಗಿಳಿದಳು. "ಇಲ್ಲೂ ಅದ. ಇಲ್ಲೂ ಅದ." ಮುಖ ಅರಳಿತು. ಸ್ವಲ್ಪ ಹೊತ್ತಿನಲ್ಲಿ ಕೈ ನಿಂತಿತು.

"ಎಲ್ಲಾ ಕಡೆ ಇವಂದ ಐತಿ. ನಿಮ್ಮದು ಒಂದರೆ ಇರಬಾರದೇನ್ರಿ? ನೀವೂ ದುಡದೀರಿ." ಆಮೇಲೆ ಮಗನ ಕಡೆ ತಿರುಗಿದಳು. "ಲೇ ಪ್ರೇಮ್ಯಾ, ಮಗ್ಗಲಾಗಿನವರ ಸಾಲು ಹೇಳೂದು ಕಲಿಸಿಲ್ಲೇನು ನಿನಗ? ಅವರದೂ ಬರಿ."

ಪ್ರೇಮಕುಮಾರ ತಿರುಗಿ ಸುಧೀರನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬರೀತೇನಿ ಬೇ," ಎಂದ.

ಬಸ್ ನಿಲ್ದಾಣದವರೆಗೆ ಅವನು ಜೊತೆಗೆ ಬಂದ. ತಂತ್ರಾಂಶದಲ್ಲಿ ಒಂದು ದೋಷ ಉಳಿದಿದೆ, ಮಗ್ಗುಲ ಯಂತ್ರ ನಡುವೆಯೇ ನಿಂತುಹೋದರೆ ಸಾಕ್ಷಿ ತಪ್ಪುತ್ತದೆ, ಆಗ ಅದರಾಚೆಯ ಯಂತ್ರವನ್ನು ಕೇಳುವಂತೆ ಬರೆಯಬೇಕು ಎಂದು ನಿಧಾನವಾಗಿ ತಿಳಿಸಿ ಹೇಳಿದ. ಸುಧೀರನಿಗೆ ಆ ದೋಷ ಕಂಡೇ ಇರಲಿಲ್ಲ. ನನ್ನ ಹೆಸರು ಹಾಕು ಎಂದು ಅವನು ಒಂದು ಸಲ ಅಂದರೆ ಸಾಕು, ಈಗಲೇ ಹಾಕುತ್ತೇನೆ ಎಂದುಕೊಳ್ಳುತ್ತ ಸುಧೀರ ನಡೆದ. ಪ್ರೇಮಕುಮಾರ ಅನ್ನಲಿಲ್ಲ. ತನ್ನ ಸಾಲನ್ನು ತಾನು ಹೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಬಸ್ ಬಂದಾಗ ಮಾತ್ರ ಕೇಳಿದ. "ಅರ್ಜಿ ಕಳಿಸಿದ್ಯಾ?"

"ಇನ್ನೂ ಇಲ್ಲ."

"ಇವತ್ತ ಕಡೀ ದಿನ. ಮರಿಬ್ಯಾಡ."

ಇಂಡಿ ದಾಟಿದ ಮೇಲೆ ಸುಧೀರ ಖಾಲಿ ಕಾಲಂನಲ್ಲಿ ಪ್ರೇಮಕುಮಾರನ ಹೆಸರನ್ನು ಪೂರ್ತಿ ಬರೆದ. ಚೆನ್ನಾಗಿ ಕಾಣಿಸಿತು. ವಿಡಿಯೊ ಕರೆಯಲ್ಲಿ ತಾನು ನಕ್ಕದ್ದು ನೆನಪಾಯಿತು. ಹೆಸರಿನ ಹಿಂದೆಯೇ ಪ್ರಶ್ನೆಗಳು ಬರುತ್ತವೆ, ಪ್ರಶ್ನೆ ಬಂದರೆ ಇಬ್ಬರಿಗೂ ಇಲ್ಲದಂತಾಗಬಹುದು. ಅದನ್ನೇ ಕಾರಣವೆಂದು ಹಿಡಿದು, ಒಂದೊಂದೇ ಅಕ್ಷರ ಅಳಿಸಿ ಅರ್ಜಿ ಕಳಿಸಿದ.

ಎರಡನೆಯ ವರ್ಷದ ಹಣವೂ ಮಂಜೂರಾಯಿತು, ಒಬ್ಬನಿಗೆ. ಪ್ರೇಮಕುಮಾರ ಮುದ್ದೇಬಿಹಾಳದಲ್ಲೇ ಉಳಿದ, ಮತ್ತೆ ಕೋಡ್ ಬರೆಯಲಿಲ್ಲ. ನಿಲ್ದಾಣದ ದಾರಿಯಲ್ಲಿ ಅವನು ಹೇಳಿದ್ದನ್ನು ಸುಧೀರ ಇದ್ದಂತೆಯೇ ಟೈಪ್ ಮಾಡಿ ಏರಿಸಿದ. ದೂರದೂರದ ದೇಶಗಳ ಜನ ಮೆಚ್ಚಿ ಬರೆದರು. ಎಲ್ಲರಿಗೂ ಅವನು ಧನ್ಯವಾದ ಹೇಳಿದ.

ಅದು ಪ್ರೇಮಕುಮಾರನ ಕೆಲಸ ಎಂದು ಸುಧೀರ ಯಾರ ಮುಂದೆಯೂ ಎಂದೂ ಹೇಳಲಿಲ್ಲ.