ನಡುವಿನ ಹಾಳೆಗಳು

ಗಾಜಿನ ಕೆಳಗೆ ದೀಪ ಹೊತ್ತಿಸಿದರೆ, ಒಂದರ ಮೇಲೊಂದು ಹಾಸಿದ ಹಾಳೆಗಳಲ್ಲಿ ಕೆಳಗಿನ ಚಿತ್ರ ಮೇಲಿನದರೊಳಗೆ ಮಸುಕಾಗಿ ತೇಲಿ ಬರುತ್ತಿತ್ತು. ಎತ್ತಿದ ಕೈಯ ಚಿತ್ರವೊಂದು, ಇಳಿದ ಕೈಯದು ಇನ್ನೊಂದು. ಅವೆರಡರ ನಡುವೆ ಆ ಕೈ ಹಾದುಬರುವ ದಾರಿಯನ್ನು ಹಾಳೆ ಹಾಳೆಯಾಗಿ ಬರೆಯುವುದು ನನ್ನ ಕೆಲಸ. ಚಿತ್ರಗಳಿಗೆ ಚಲನೆ ಕೊಡುವ ಆ ಚಿತ್ರಶಾಲೆಯಲ್ಲಿ ಮುಖ್ಯ ಭಂಗಿಗಳನ್ನು ವಾದಿರಾಜ ಮೇಷ್ಟರು ಬರೆಯುತ್ತಿದ್ದರು. ಒಂಬತ್ತು ವರ್ಷ ನಾನು ನಡುವಿನವನ್ನಷ್ಟೇ ಬರೆದೆ. ಒಂದು ಸೆಕೆಂಡಿಗೆ ಹನ್ನೆರಡು ಹಾಳೆ. ಕೈ ಚೆನ್ನಾಗಿ ಓಡಿದ ದಿನ, ಎರಡು ಸೆಕೆಂಡು.

ಒಂಬತ್ತನೆಯ ವರ್ಷ ಹದಿನಾಲ್ಕು ದಿನ ರಜೆ ಹಾಕಿ ಮರಳಿದಾಗ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಪೆನ್ಸಿಲುಗಳನ್ನು ಯಾರೋ ಹೆರೆದು ಸಾಲಾಗಿ ಇಟ್ಟಿದ್ದರು. ಕೂತೆ, ದೀಪ ಹಾಕಿದೆ, ಬರೆದೆ. ಒಂದು ಗೆರೆಯೂ ತಪ್ಪಲಿಲ್ಲ. ಅದು ವಿಚಿತ್ರವೆನಿಸಬೇಕಿತ್ತು; ಅನಿಸಲಿಲ್ಲ.

ಆಗ ಕೈಯಲ್ಲಿದ್ದುದು ದೋಣಿಯವನೊಬ್ಬನ ಕತೆ. ಅವನು ಹೊಳೆಪಾಲಾದ ಸುದ್ದಿ ಹೆಂಡತಿಗೆ ಮುಟ್ಟುವ ದೃಶ್ಯವನ್ನು ಮೇಷ್ಟರು ನಾಲ್ಕು ದಿನ ಬರೆದು ಬರೆದು ಹರಿದರು. ಎದುರಿಗೆ ಕನ್ನಡಿ ಇಟ್ಟುಕೊಂಡು ತಮ್ಮ ಮುಖವನ್ನೇ ಹಿಂಡಿ ನೋಡುವರು, ಎದೆ ಬಡಿದುಕೊಳ್ಳುವರು, ಬರೆಯುವರು. ಹಾಳೆಗಳನ್ನು ಬೆರಳ ಸಂದಿಯಲ್ಲಿ ಸಿಕ್ಕಿಸಿ ಪಟಪಟನೆ ತಿರುವಿ ನೋಡಿ ತಲೆ ಕೊಡವುವರು. ಐದನೆಯ ದಿನ ನನ್ನ ಮೇಜಿನ ಬಳಿ ಬಂದು ನಿಂತರು.

"ಒಂದು ಮಾತು ಕೇಳ್ತೀನಿ ಕಣಮ್ಮಾ. ಕೇಳಬಾರದು, ಗೊತ್ತು. ಬೇಡ ಅಂದ್ರೆ ಹಾಗೇ ಹೋಗ್ತೀನಿ."

"ಕೇಳಿ ಮೇಷ್ಟ್ರೇ."

"ಚಂದ್ರಹಾಸಂದು ಸುದ್ದಿ ಬಂತಲ್ಲ… ಆಗ ನೀನು ಏನು ಮಾಡ್ದೆ?"

ಚಂದ್ರಹಾಸ ನನ್ನ ಗಂಡ. ಅವರು ದುಡಿಯುತ್ತಿದ್ದ ಕಲ್ಲುಗಣಿಯಿಂದ ಇಬ್ಬರು, ಅವರ ಊಟದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದು ಇನ್ನೂ ಇಪ್ಪತ್ತು ದಿನ ತುಂಬಿರಲಿಲ್ಲ.

"ಒಲೆ ಮೇಲೆ ಹಾಲಿತ್ತು," ಎಂದೆ. "ಇಳಿಸಿದೆ. ತಟ್ಟೆ ಮುಚ್ಚಿದೆ. ಆಮೇಲೆ ಸೌಟು ತೊಳೆದೆ."

"ಅಳಲಿಲ್ವಾ?"

"ಇಲ್ಲ. ಇನ್ನೂ ಬಂದಿಲ್ಲ."

ಮೇಷ್ಟರು, ಮುಖ್ಯ ಭಂಗಿ ಬರೆಯುವವರಷ್ಟೇ ಹಿಡಿಯುತ್ತಿದ್ದ ತಮ್ಮ ನೀಲಿ ಪೆನ್ಸಿಲನ್ನು ನನ್ನ ಗಾಜಿನ ಮೇಲಿಟ್ಟರು. "ಇದು ನನ್ನ ಕೈಗೆ ಬರಲ್ಲ. ಮುಖ್ಯದ್ದೂ ನೀನೇ ಬರಿ, ನಡುವಿಂದೂ ನೀನೇ ಬರಿ."

ಬರೆದೆ. ಹೆಂಗಸು ಸುದ್ದಿ ಕೇಳುತ್ತಾಳೆ, ಹಾಲು ಇಳಿಸುತ್ತಾಳೆ, ತಟ್ಟೆ ಮುಚ್ಚುತ್ತಾಳೆ, ಸೌಟು ತೊಳೆಯುತ್ತಾಳೆ. ಕೊನೆಗೆ ಸುಮ್ಮನೆ ನಿಲ್ಲುತ್ತಾಳೆ. ನಿಂತವಳಿಗೆ ಒಂದೇ ಹಾಳೆ ಸಾಕು. ಕ್ಯಾಮೆರಾದವರು ಅದನ್ನೇ ಬೇಕಾದಷ್ಟು ಸಲ ತೆಗೆದುಕೊಳ್ಳುತ್ತಾರೆ. ಆದರೆ ದೀಪದ ಮೇಲೆ ಹೊಸ ಹಾಳೆ ಹಾಸಿ, ಮಸುಕಾಗಿ ಕಾಣುವ ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಬರೆದರೆ, ಕೂದಲೆಳೆಯಷ್ಟು ವ್ಯತ್ಯಾಸಕ್ಕೇ ಚಿತ್ರ ಉಸಿರಾಡತೊಡಗುತ್ತದೆ. ಅವಳು ನಿಂತಿರುವುದನ್ನು ನಾನು ಮೂವತ್ತಾರು ಸಲ ಬರೆದೆ.

ಹಣ ಹಾಕಿದ್ದ ಧನಂಜಯಪ್ಪನವರು ನೋಡಲು ಬಂದಾಗ ನಾನು ಬಾಗಿಲ ಪರದೆಯ ಆಚೆ ಕೂತಿದ್ದೆ.

"ಗಂಡ ಸತ್ತಿದ್ದಾನೆ, ಇವಳು ಸೌಟು ತೊಳೀತಾಳಲ್ರೀ! ಇವಳೇನು ಕಲ್ಲೇ?"

"ಹಾಗೂ ಇರ್ತಾರೆ, ಸ್ವಾಮಿ," ಎಂದರು ಮೇಷ್ಟರು.

ಕಲ್ಲು ಎಂಬ ಮಾತು ನನಗೆ ಹೊಸದಾಗಿರಲಿಲ್ಲ. ಹದಿಮೂರನೆಯ ದಿನ, ನೆಂಟರೆಲ್ಲ ಹೊರಟಮೇಲೆ, ನನ್ನ ಅತ್ತೆಯೂ ಅದನ್ನೇ ಅಂದಿದ್ದರು.

ಚಿತ್ರ ಟಾಕೀಸಿಗೆ ಬಂದಾಗ ಅತ್ತೆ ತಾವಾಗಿಯೇ ಹೊರಟರು. "ದಿನಾ ಹೋಗಿ ಏನು ಗೀಚ್ತೀಯೋ, ನೋಡೋಣ ನಡಿ." ಮಧ್ಯಾಹ್ನದ ಆಟ. ನನ್ನ ದೃಶ್ಯ ಬಂತು. ಹಾಲು, ತಟ್ಟೆ, ಸೌಟು. ಹೆಂಗಸು ನಿಂತಳು, ಉಸಿರಾಡಿದಳು. ಆಗ ಅವಳ ಎಡಗಣ್ಣಿನಿಂದ ಒಂದು ಹನಿ ಹೊರಟಿತು.

ಅದು ನಾನು ಬರೆದದ್ದಲ್ಲ. ನನಗೆ ತಿಳಿಸದೆ, ನನ್ನ ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು ಯಾರೋ ಬರೆದಿದ್ದರು. ಒಳ್ಳೆಯ ಕೈ. ಕೆನ್ನೆಯ ಮೂಳೆಯ ಮೇಲೆ ಹನಿ ತಡೆದು, ಅಲ್ಲಿಂದ ಸರ್ರನೆ ಗಲ್ಲಕ್ಕೆ ಇಳಿಯಿತು. ಒಂಬತ್ತು ಹಾಳೆಯ ಕೆಲಸ ಎಂದು ಲೆಕ್ಕ ಹಾಕಿದೆ. ಸುತ್ತಲೂ ಮೂಗು ಒರೆಸಿಕೊಳ್ಳುವ ಸದ್ದು. ನನಗೆ ಕೋಪ ಬರಲಿಲ್ಲ, ಏನೂ ಬರಲಿಲ್ಲ.

ಅತ್ತೆ ಅಳುತ್ತಿರಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಅಂದರು: "ಅವಳು ಅಳಬಾರದಿತ್ತು ಕಣೇ."

"ಯಾಕತ್ತೆ?"

"ಆ ಹೊತ್ತಿಗೆ ಅಳು ಎಲ್ಲಿಂದ ಬರುತ್ತೆ? ಅವತ್ತು ಹಿತ್ತಲಲ್ಲಿ ನಾನು ಮೊಸರು ಕಡೀತಿದ್ದೆ. ಗಣಿಯವರು ಬಂದು ಹೇಳಿದ್ದು ಕಿವಿಗೆ ಬಿತ್ತು. ಬೆಣ್ಣೆ ಬಂದಮೇಲೂ ಕಡೀತಾನೇ ಇದ್ದೆ." ಆಮೇಲೆ, "ನಾನು ನಿನಗೆ ಯಾಕೆ ಕಲ್ಲು ಅಂದೆನೋ," ಎಂದರು.

ಆಟ ಮುಗಿದು ದೀಪ ಹೊತ್ತಿದಾಗ ಅತ್ತೆಯ ಜೊತೆ ಎದ್ದೆ.

ಹೊರಗೆ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಅತ್ತೆ ಗೇಟಿನ ಬಳಿ ಬೇಯಿಸಿದ ಕಡಲೆಕಾಯಿ ಕೊಂಡು, ಗೋಡೆಯ ನೆರಳಿನಲ್ಲಿ ನಿಂತು ಒಂದೊಂದಾಗಿ ಸುಲಿದು ನನ್ನ ಅಂಗೈಗೆ ಹಾಕತೊಡಗಿದರು. ಹಾಕಿದಷ್ಟನ್ನೂ ತಿಂದೆ. ಉಪ್ಪು ತುಸು ಹೆಚ್ಚಾಗಿತ್ತು. ಎಷ್ಟೋ ದಿನಗಳ ಮೇಲೆ ಒಂದು ರುಚಿ ನನ್ನ ನಾಲಗೆಗೆ ತಿಳಿಯಿತು.