ಬಾಗಿಲ ಬಳಿಯ ಎಣಿಕೆ

ಮನುಷ್ಯಕುಲವನ್ನು ಕಾಡುವ ಗಹನವಾದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಪೀಠಿಕೆಯಿಲ್ಲದೆ ಎತ್ತಿಕೊಳ್ಳಬೇಕಾಗಿದೆ: ನೂರೆಂಬತ್ತು ಜನ ಕೂತು ಹಾರುವ ಒಂದು ವಿಮಾನಕ್ಕೆ ಟಾಯ್ಲೆಟ್ಟುಗಳು ಎಷ್ಟು ಬೇಕು? ಎರಡೋ, ಮೂರೋ? ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯಗಳು ಮುಳುಗಿವೆ ಎಂದು ವಿಮಾನ ಕಂಪನಿಯ ಐದನೆಯ ಮಹಡಿಯಲ್ಲಿ ಕೂರುವವರು ಮನಸಾರೆ ನಂಬಿದ್ದರು. ಕಂಪನಿ ಮೂವತ್ತಾರು ಹೊಸ ವಿಮಾನಗಳನ್ನು ಕೊಳ್ಳಲು ಹೊರಟಿತ್ತು. ಯಾವ ಕಾರ್ಖಾನೆಯದು, ಯಾವ ಎಂಜಿನ್ನು ಎಂಬುದೆಲ್ಲ ಎರಡೇ ಸಭೆಗಳಲ್ಲಿ ಇತ್ಯರ್ಥವಾಯಿತು. ಟಾಯ್ಲೆಟ್ಟಿನ ವಿಷಯ ಹನ್ನೊಂದು ಸಭೆ ನುಂಗಿತು.

ಕಾರಣವಿಷ್ಟೆ. ಹಳೆಯ ವಿಮಾನಗಳಲ್ಲಿ ಮುಂದೊಂದು, ಹಿಂದೆರಡು ಟಾಯ್ಲೆಟ್ಟುಗಳಿದ್ದವು. ಹಿಂದಿನ ಒಂದನ್ನು ಕಿತ್ತುಹಾಕಿದರೆ ಆ ಜಾಗದಲ್ಲಿ ಇನ್ನೊಂದು ಸಾಲು, ಅಂದರೆ ಆರು ಸೀಟು, ಹಿಡಿಸುತ್ತದೆ. ಆರು ಸೀಟು, ದಿನಕ್ಕೆ ಐದು ಹಾರಾಟ, ಮೂವತ್ತಾರು ವಿಮಾನ. ಮುಂದಿನ ಗುಣಾಕಾರವನ್ನು ಕಂಪನಿಯ ದೊಡ್ಡವರು ಸ್ನಾನ ಮಾಡುವಾಗಲೂ ಮಾಡುತ್ತಿದ್ದರೆಂದು ಅವರ ಡ್ರೈವರ್ ಹೇಳುತ್ತಿದ್ದ, ಅವನಿಗೆ ಹೇಗೆ ಗೊತ್ತಾಯಿತೋ. "ಟಾಯ್ಲೆಟ್ಟು ಟಿಕೆಟ್ ಕೊಳ್ಳಲ್ಲ ಕಣ್ರೀ," ಎಂಬುದು ದೊಡ್ಡವರ ನಿಲುವು. ಕೆಲವಕ್ಕೆ ಮೂರಿರಲಿ, ಕೆಲವಕ್ಕೆ ಎರಡು ಎಂದು ರಾಜಿಯಾಗುವಂತೆಯೂ ಇರಲಿಲ್ಲ. ಒಂದು ವಿಮಾನ ಕೆಟ್ಟು, ಅದರ ಬದಲಿಗೆ ಇನ್ನೊಂದನ್ನು ತಂದು ನಿಲ್ಲಿಸಿದಾಗ ಆರು ಜನ ಟಿಕೆಟ್ ಹಿಡಿದುಕೊಂಡು ಕೆಳಗೇ ಉಳಿದುಬಿಡುತ್ತಾರೆ. ಆದ್ದರಿಂದ ಮೂವತ್ತಾರೂ ಒಂದೇ ಅಚ್ಚಿನಲ್ಲಿರಬೇಕು.

ಈ ಜಗಳವನ್ನು ಬಗೆಹರಿಸಿದ ಕೀರ್ತಿ ಸೀಟಪ್ಪನದು. ವಿಮಾನದೊಳಗೆ ಯಾವ ಸೀಟು ಎಲ್ಲಿ ಬರಬೇಕೆಂದು ನಕ್ಷೆ ಹಾಕುವವನಾದ್ದರಿಂದ ಆಫೀಸಿನವರು ಅವನಿಗೆ ಆ ಹೆಸರಿಟ್ಟಿದ್ದರು; ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವಾದ ಯಾಕೆ, ಎಷ್ಟು ಜನ ಹೋಗುತ್ತಾರೆಂದು ಎಣಿಸಿಯೇಬಿಡೋಣ ಎಂದವನು ಅವನು. ಎಣಿಸಿದವನೂ ಅವನೇ. ಒಂದೂವರೆ ವರ್ಷದ ಹಿಂದೆ, ಸುಮಾರು ಮೂರು ಗಂಟೆಯ ಮೂರು ಹಾರಾಟಗಳಲ್ಲಿ, ಕುತ್ತಿಗೆಗೆ ಕಂಪನಿಯ ಗುರುತುಪಟ್ಟಿ ನೇತುಹಾಕಿಕೊಂಡು, ಕೈಯಲ್ಲಿ ಸ್ಟಾಪ್‌ವಾಚು, ಎದೆಗೆ ಒತ್ತಿ ಹಿಡಿದ ರಟ್ಟು, ಹಿಂಬದಿಯ ಎರಡು ಬಾಗಿಲುಗಳ ಪಕ್ಕದಲ್ಲಿ ನಿಂತು ಲೆಕ್ಕವಿಟ್ಟ. ಒಂದು ಹಾರಾಟಕ್ಕೆ ಸರಾಸರಿ ಹನ್ನೊಂದು ಜನ. ಐದನೆಯ ಮಹಡಿಯವರು ಐವತ್ತೋ ಅರವತ್ತೋ ಇರಬಹುದೆಂದು ಹೆದರಿದ್ದರು. ಹನ್ನೊಂದು! ದೊಡ್ಡವರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಅವನಿಗೆ ಬಡ್ತಿ ಬಂತು, ಕಿಟಕಿಯಿರುವ ಕೋಣೆ ಬಂತು. ವರದಿಯಲ್ಲಿ 'ಇತರೆ' ಎಂಬ ಕಾಲಮ್ಮೂ ಇತ್ತು: ಹಿಂದೆ ಬಂದು ನೀರು ಕೇಳಿದವರು, ಸರಾಸರಿ ಇಪ್ಪತ್ಮೂರು. ನೀರಿನ ವ್ಯವಸ್ಥೆಯನ್ನು ದೊಡ್ಡದು ಮಾಡುವುದು ಒಳ್ಳೆಯದೆಂದು ಸೀಟಪ್ಪ ಸಲಹೆಯನ್ನೂ ಬರೆದಿದ್ದ.

ಈಗ ನಕ್ಷೆ ಅಂತಿಮವಾಗಿ ಕಾರ್ಖಾನೆಗೆ ಹೋಗಬೇಕಿತ್ತು. ಮುಂದಿನ ಗುರುವಾರ ಕೊನೆಯ ಸಭೆ. ಕಡತದ ಕೊನೆಯ ಪುಟದಲ್ಲಿ 'ಎಣಿಕೆ ನನ್ನ ಸಮಕ್ಷಮ ನಡೆದಿದ್ದು, ಸರಿಯಾಗಿದೆ' ಎಂಬ ಸಾಲಿನ ಕೆಳಗೆ ಸೀಟಪ್ಪನ ಸಹಿಯೊಂದು ಬಾಕಿ.

ಅದಕ್ಕೆ ಮುಂಚಿನ ಭಾನುವಾರ ಬೀಗರು ಊಟಕ್ಕೆ ಬಂದರು. ಮಗಳ ಮದುವೆಯಾಗಿ ಎರಡು ತಿಂಗಳಾಗಿತ್ತಷ್ಟೆ. ಎರಡೂ ಮನೆಯವರು ಇನ್ನೂ ಒಬ್ಬರೆದುರು ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವ ಹಂತದಲ್ಲಿದ್ದರು. ಬೀಗರು ಮಾತು ಕಡಿಮೆಯವರು. ಆ ಕೊರತೆಯನ್ನು ಬೀಗಿತ್ತಿ ತುಂಬುತ್ತಿದ್ದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಹೆಡ್‌ಮೇಡಮ್ ಆಗಿ ನಿವೃತ್ತರಾದವರು. ಅವರು ಬಾಯಿ ತೆರೆದರೆ ಇಡೀ ಮನೆ ತರಗತಿಯಾಗುತ್ತಿತ್ತು. ಕಾಫಿ ಬಂದ ಮೇಲೆ ಅವರು ಸೀಟಪ್ಪನ ಕಡೆ ತಿರುಗಿದರು.

"ನೀವು ವಿಮಾನದ ಕಂಪನಿಯೋರು. ಇದನ್ನ ನಿಮ್ಮ ಹತ್ರಾನೇ ಹೇಳ್ಬೇಕು ಬೀಗರೇ. ಒಂದೂವರೆ ವರ್ಷ ಆಯ್ತೇನೋ, ನಿಮ್ಮ ವಿಮಾನದಲ್ಲೇ ಬರ್ತಿದ್ದೆ. ಒಂದಕ್ಕೆ ಹೋಗ್ಬೇಕು ಅನ್ನಿಸ್ತು. ಎದ್ದು ಹಿಂದೆ ಹೋಗಿ ನೋಡ್ತೀನಿ, ಬಾಗಿಲ ಪಕ್ಕದಲ್ಲಿ ಒಬ್ಬ ನಿಂತಿದಾನೆ! ಇಷ್ಟು ದಪ್ಪ ಮೀಸೆ. ಕೈಯಲ್ಲಿ ಗಡಿಯಾರ, ನಮ್ಮ ಡ್ರಿಲ್ ಮೇಷ್ಟ್ರ ಥರ."

"ಅಮ್ಮಾ, ಕಾಫಿ ಕುಡೀತಾ ಇದೀವಿ," ಎಂದ ಅಳಿಯ.

"ನೀನು ಕುಡಿ, ಯಾರು ಬೇಡ ಅಂದ್ರು? ನನ್ನ ಮುಂದೆ ಒಬ್ರು ಒಳಗೆ ಹೋದ್ರು. ಇವನು ಟಕ್ ಅಂತ ಒತ್ತಿದ. ಅವ್ರು ಹೊರಗೆ ಬಂದ್ರು. ಮತ್ತೆ ಟಕ್. ಬರ್ಕೊಂಡ! ಎಷ್ಟು ಹೊತ್ತು ಹಿಡೀತು ಅಂತ ಬರ್ಕೊಂಡ ಬೀಗರೇ! ಮೂವತ್ತೆರಡು ವರ್ಷ ಮಕ್ಕಳನ್ನ ಒಂದಕ್ಕೆ ಬಿಟ್ಟೋಳು ನಾನು. ಒಂದು ಮಗೂಗೂ ಹಾಗೆ ಗಡಿಯಾರ ಹಿಡ್ಕೊಂಡು ಕಾದಿಲ್ಲ."

ಎಲ್ಲರೂ ನಕ್ಕರು. ಬೀಗರೂ ನಕ್ಕರು, ಮದುವೆಯ ನಂತರ ಮೊದಲ ಬಾರಿಗೆ. ಸೀಟಪ್ಪನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಅಲ್ಲಿ ಮೀಸೆ ಇರಲಿಲ್ಲ. ಮದುವೆಯ ಫೋಟೋ ಚೆನ್ನಾಗಿ ಬರಲೆಂದು ಮಗಳೇ ಹಟ ಹಿಡಿದು ತೆಗೆಸಿದ್ದಳು. ಹೆಂಡತಿ ಅವನನ್ನೊಮ್ಮೆ ನೋಡಿ, ತಟ್ಟೆಯಲ್ಲಿದ್ದ ಬಿಸ್ಕತ್ತುಗಳನ್ನು ಕಾರಣವಿಲ್ಲದೆ ಸಾಲಾಗಿ ಜೋಡಿಸತೊಡಗಿದಳು.

"ಆಮೇಲೆ ಹೋದ್ರಾ?" ಎಂದಳು, ಕೇಳದೆ ಇರಲಾರದೆ.

"ಎಲ್ಲಿಗೆ ಹೋಗ್ಲಿ? ನಗ್ತಾ ಬೇರೆ ನಿಂತಿದಾನೆ. 'ಬನ್ನಿ ಅಮ್ಮ, ಖಾಲಿ ಇದೆ' ಅಂದ! ಅಷ್ಟು ದೂರ ನಡ್ಕೊಂಡು ಬಂದಿದೀನಿ, ಏನಾದ್ರೂ ಕೇಳ್ಬೇಕಲ್ಲ? ನೀರು ಕೇಳ್ದೆ. ಮೊದಲೇ ತಡ್ಕೊಳ್ಳೋಕಾಗ್ತಿಲ್ಲ, ಅದರ ಮೇಲೆ ಒಂದು ಲೋಟ ನೀರು! ಇಳಿಯೋ ಹೊತ್ತಿಗೆ ಕಣ್ಣಲ್ಲಿ ನೀರು ಬಂದಿತ್ತು ನನಗೆ. ನನ್ನ ಹಿಂದೆ ಬಂದೋರೂ ಅಷ್ಟೆ, ಅವನ ಮುಖ ನೋಡೋದು, ನೀರು ಕೇಳೋದು, ವಾಪಸ್ ಹೋಗೋದು."

ಇಪ್ಪತ್ಮೂರು, ಎಂದುಕೊಂಡ ಸೀಟಪ್ಪ.

"ಈಗ ನೀವು ಹೇಳಿ," ಬೀಗಿತ್ತಿ ಬಿಡಲಿಲ್ಲ. "ಯಾರವನು? ಇಂಥೋರಿಗೂ ಸಂಬಳ ಕೊಡ್ತೀರಾ ನೀವು?"

"ವಿಚಾರಿಸ್ತೀನಿ," ಎಂದ ಸೀಟಪ್ಪ. ಅದಕ್ಕೂ ಎಲ್ಲರೂ ನಕ್ಕರು.

ಅವರನ್ನು ಬಾಗಿಲವರೆಗೆ ಕಳಿಸಿಬಂದು ಹೆಂಡತಿ ಲೋಟಗಳನ್ನು ಸಿಂಕಿಗೆ ಹಾಕಿದಳು. ನಲ್ಲಿ ತಿರುಗಿಸಿದಳು. ಮತ್ತೆ ನಿಲ್ಲಿಸಿದಳು.

"ರೀ. ಅದು ನೀವೇ ಅಲ್ವಾ?"

"ಮತ್ತೆ ಇನ್ಯಾರು?"

"ಎಣಿಸೋಕೆ ಹೋದೋರು ಒಂದು ಕಡೆ ಕೂತ್ಕೊಂಡು ಎಣಿಸ್ಬಾರ್ದಾಗಿತ್ತಾ?"

"ಕೂತ್ರೆ ಯಾರು ಯಾವಾಗ ಒಳಗೆ ಹೋದ್ರು ಅಂತ ಸರಿಯಾಗಿ ಗೊತ್ತಾಗಲ್ಲ ಕಣೇ. ಮರ್ಯಾದೆಗೆ ಅಂತ ಬಾಗಿಲಿಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡ್ಕೊಂಡು ನಿಂತಿದ್ದೆ."

"ಅಯ್ಯೋ, ಅದೇ ಅಲ್ವೇನ್ರೀ!" ಅವಳಿಗೆ ನಗು ತಡೆಯಲಾಗಲಿಲ್ಲ, ಅವನ ಮುಖ ನೋಡಿ ತಡೆದುಕೊಂಡಳು. "ಆಯ್ತು ಬಿಡಿ. ನಾಳೆ ಹೋಗಿ ಹೇಳ್ಬಿಡಿ ಆಫೀಸಲ್ಲಿ. ನಿಂತಿದ್ದು ನಾನು, ಅದಕ್ಕೇ ಯಾರೂ ಹೋಗಿಲ್ಲ, ಲೆಕ್ಕ ತಪ್ಪು ಅಂತ. ನಾಲ್ಕು ದಿನ ನಗ್ತಾರೆ, ಆಮೇಲೆ ಮರೀತಾರೆ."

"ಆಫೀಸಿನೋರು ಮರೀತಾರೆ. ಆ ಹೆಡ್‌ಮೇಡಮ್ಮು ಮರೀತಾರಾ? ಆಫೀಸಲ್ಲಿ ಬಾಯಿ ಬಿಟ್ರೆ ಸಂಜೆ ಒಳಗೆ ಊರಿಗೆಲ್ಲ ಗೊತ್ತಾಗತ್ತೆ. ನಾಳೆ ಮೊಮ್ಮಗು ಹುಟ್ಟಿದ್ರೆ ಅದರ ಕೈಯಲ್ಲಿ ಗಡಿಯಾರ ಕೊಟ್ಟು 'ನಿಮ್ಮ ತಾತ ಹೇಗೆ ನಿಂತಿದ್ರು ತೋರ್ಸು' ಅಂತಾರೆ."

ಹೆಂಡತಿ ಮತ್ತೆ ನಲ್ಲಿ ತಿರುಗಿಸಿದಳು. ಅದು ಖಂಡಿತ ನಡೆಯುವ ಮಾತೆಂದು ಅವಳಿಗೂ ಅನ್ನಿಸಿರಬೇಕು.

ಸೋಮವಾರ ಸೀಟಪ್ಪ ಎರಡನೆಯ ಮಹಡಿಗೆ ಇಳಿದ. ಅಲ್ಲಿ ದೂರು ವಿಭಾಗ. ಒಂದೇ ಕಟ್ಟಡದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದರೂ ಆ ಮಹಡಿಯಲ್ಲಿ ಲಿಫ್ಟು ನಿಂತಾಗ ಅವನು ಒಮ್ಮೆಯೂ ಹೊರಗೆ ಕಾಲಿಟ್ಟಿರಲಿಲ್ಲ. ಟಾಯ್ಲೆಟ್ಟಿನ ಬಗ್ಗೆ ಏನಾದರೂ ದೂರು ಬಂದಿತ್ತೇ ಎಂದು ಕೇಳಿದ. ಅಲ್ಲಿನ ಗುಮಾಸ್ತೆ ಕಂಪ್ಯೂಟರ್ ನೋಡುವ ಗೋಜಿಗೂ ಹೋಗಲಿಲ್ಲ.

"ಬಾಗಿಲು ಕಾಯೋನ ಪತ್ರಗಳಾ ಸಾರ್? ಹದಿನಾಲ್ಕು ಬಂದಿದ್ವು. 'ಪ್ರಯಾಣಿಕರ ಭದ್ರತೆಗಾಗಿ' ಅಂತ ಉತ್ತರ ಹಾಕಿ ಮುಗಿಸಿದ್ವಿ."

"ಯಾರು ಅಂತ ವಿಚಾರಿಸ್ಲಿಲ್ವಾ?"

"ಯಾರೋ ತಲೆ ಸರಿಯಿಲ್ಲದೋನು ಅಂದ್ಕೊಂಡ್ವಿ ಸಾರ್."

ಅವನು ಪತ್ರಗಳನ್ನು ಕಿಟಕಿಯ ಕೋಣೆಗೆ ತಂದು, ಬಾಗಿಲು ಹಾಕಿಕೊಂಡು ಓದಿದ. ಬೀಗಿತ್ತಿಯದು ಇರಲಿಲ್ಲ, ಅವರು ದೂರನ್ನು ಬಾಯಲ್ಲೇ ಸಲ್ಲಿಸುವವರು. ಬೈದವರಿದ್ದರು, ಹಾಸ್ಯ ಮಾಡಿದವರಿದ್ದರು, ಬಸುರಿಯೊಬ್ಬಳು ಎರಡೇ ಸಾಲು ಬರೆದಿದ್ದಳು. ಒಂಬತ್ತನೆಯದು ಒಬ್ಬ ಮಗಳು ಬರೆದದ್ದು.

'ನಮ್ಮ ತಂದೆ ಮೂವತ್ತೆಂಟು ವರ್ಷ ಬಸ್ ಓಡಿಸಿದವರು. ಎರಡು ಸಲ ಎದ್ದು ಹಿಂದೆ ಹೋದರು. ಎರಡು ಸಲವೂ ಆ ಮನುಷ್ಯ ಗಡಿಯಾರ ಎತ್ತಿದ್ದನ್ನು ನೋಡಿ, ನೀರು ಕುಡಿದು ವಾಪಸ್ಸು ಬಂದರು. ಇಳಿಯುವ ಹೊತ್ತಿಗೆ ಅವರ ಸೀಟು ಒದ್ದೆಯಾಗಿತ್ತು. ಎಲ್ಲರೂ ಇಳಿದುಹೋಗುವವರೆಗೆ ನಾವು ಏಳಲಿಲ್ಲ. ಅಂದಿನಿಂದ ಅವರು ಬೀದಿಯ ಕೊನೆಯ ಅಂಗಡಿಗೂ ಬರುವುದಿಲ್ಲ ಎನ್ನುತ್ತಾರೆ. ನಮಗೆ ಪರಿಹಾರ ಬೇಡ. ಆ ಮನುಷ್ಯ ಅಲ್ಲಿ ಯಾಕೆ ನಿಂತಿದ್ದ ಎಂಬುದನ್ನು ಮಾತ್ರ ತಿಳಿಸಿ.'

ಅದರ ಹಿಂದೆಯೇ ಕಂಪನಿಯ ಉತ್ತರದ ಪ್ರತಿಯನ್ನು ಪಿನ್ನು ಹಾಕಿ ಸೇರಿಸಿದ್ದರು: ಪ್ರಯಾಣಿಕರ ಭದ್ರತೆಗಾಗಿ.

ಸೀಟಪ್ಪನಿಗೆ ಆ ಮುದುಕ ನೆನಪಿದ್ದ. ದಪ್ಪ ಮಣಿಕಟ್ಟು, ತೋಳಿನ ಗುಂಡಿಯನ್ನೂ ನೀಟಾಗಿ ಹಾಕಿದ್ದ ಅಂಗಿ. ಎರಡನೆಯ ಸಲ ಬಂದಾಗ ಸೀಟಪ್ಪ ಗಗನಸಖಿಗೆ, 'ಇವರಿಗೆ ಪಾಪ ಬಾಯಾರಿಕೆ ಜಾಸ್ತಿ, ದೊಡ್ಡ ಲೋಟದಲ್ಲೇ ಕೊಡಿ' ಎಂದಿದ್ದ. 'ಇತರೆ' ಕಾಲಮ್ಮಿನಲ್ಲಿ ಎರಡು ಗೀಟು ಎಳೆದಿದ್ದ. ಈಗ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪತ್ರವನ್ನು ಬೋರಲು ಹಾಕಿದ.

ಮೂರು ದಿನ ಯೋಚಿಸಿ ಅವನೊಂದು ಉಪಾಯ ಕಂಡುಕೊಂಡ. ಹೇಳಿದಂತೆಯೂ ಆಗಬೇಕು, ಹೇಳದಂತೆಯೂ ಇರಬೇಕು. ಪತ್ರಗಳಲ್ಲಿ ಬಾಗಿಲು ಕಾಯುವವನ ಪ್ರಸ್ತಾಪ ಬರುವ ಸಾಲುಗಳ ಮೇಲೆಲ್ಲ ಬಿಳಿ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿದ. ಜನ ಕಷ್ಟಪಟ್ಟದ್ದು ಉಳಿಯಿತು, ಕಷ್ಟ ಕೊಟ್ಟವನು ಅಳಿಸಿಹೋದ.

ಗುರುವಾರ ಮಧ್ಯಾಹ್ನದ ಸಭೆಯಲ್ಲಿ ಅವನಲ್ಲದೆ ಹದಿಮೂರು ಜನರಿದ್ದರು. ದೊಡ್ಡವರು ಪ್ರತಿಗಳನ್ನು ತಿರುವಿಹಾಕಿದರು.

"ಇದೇನ್ರೀ, ಮಧ್ಯೆ ಮಧ್ಯೆ ಬಿಳಿ?"

"ಖಾಸಗಿ ವಿವರ ಸಾರ್. ಒಟ್ಟಿನಲ್ಲಿ ಜನಕ್ಕೆ ತೊಂದರೆ ಆಗಿದೆ. ಇನ್ನೊಂದು ಸಲ ಎಣಿಸೋದು ಒಳ್ಳೇದೇನೋ ಅಂತ."

ದೊಡ್ಡವರು ಓದಿದರು. ಅವರು ಕೆಟ್ಟ ಮನುಷ್ಯರೇನಲ್ಲ. ಕಾಗದ ಕೊಟ್ಟರೆ ಓದುತ್ತಿದ್ದರು.

"ಹೋಗ್ಬೇಕು ಅನ್ನಿಸ್ತು, ಹೋಗ್ಲಿಲ್ಲ. ಎಲ್ಲಾದ್ರಲ್ಲೂ ಇದೇ. ಆಗ ಟಾಯ್ಲೆಟ್ಟಲ್ಲಿ ಯಾರಾದ್ರೂ ಇದ್ರಾ?"

"ಇಲ್ಲ ಸಾರ್."

"ಖಾಲಿ ಇತ್ತು?"

"ಇತ್ತು."

"ಎಷ್ಟು ಹೊತ್ತು?"

ಸೀಟಪ್ಪನಿಗೆ ಅದು ಸೆಕೆಂಡಿನ ಲೆಕ್ಕದಲ್ಲಿ ಗೊತ್ತಿತ್ತು. "ಬಹಳ ಹೊತ್ತು ಸಾರ್."

"ಅಂದ್ರೆ, ಖಾಲಿ ಇರೋ ಟಾಯ್ಲೆಟ್ಟಿಗೆ ಹೋಗ್ದೆ ಇರೋರಿಗೋಸ್ಕರ ನಾನು ಇನ್ನೊಂದು ಖಾಲಿ ಟಾಯ್ಲೆಟ್ಟು ಕಟ್ಟಿಸ್ಬೇಕಾ?"

ಮೇಜಿನ ಸುತ್ತ ನಗು ಎದ್ದಿತು. ದೊಡ್ಡವರು ನಗಲಿಲ್ಲ. ಒಂಬತ್ತನೆಯ ಪತ್ರದ ಮೇಲೆ ಬೆರಳಿಟ್ಟುಕೊಂಡಿದ್ದರು.

"ತಮಾಷೆ ಬಿಡಿ. ಈ ಯಜಮಾನ್ರು ಎರಡು ಸಲ ಎದ್ದು ಹೋಗಿದಾರೆ, ಎರಡು ಸಲ ವಾಪಸ್ ಬಂದಿದಾರೆ. ಯಾಕೆ? ಒಂದು ಕಾರಣ ಇರ್ಬೇಕಲ್ಲ. ಕಾರಣ ಹೇಳಿ. ಸರಿಯಾಗಿದ್ರೆ ಇವತ್ತು ಸಹಿ ಬೇಡ. ಕಾರ್ಖಾನೆಯೋರ ಹತ್ರ ಇಪ್ಪತ್ತು ದಿನ ಕೇಳ್ತೀನಿ, ಇನ್ನೊಂದು ಸಲ ಎಣಿಸಿ."

ಹದಿಮೂರು ಜನ ಅವನನ್ನು ನೋಡಿದರು. ಉತ್ತರ ಎರಡೇ ಪದದ್ದು: ನಾನು ನಿಂತಿದ್ದೆ. ಅದು ನಾಲಿಗೆಯ ತುದಿಗೆ ಬಂದು ಕೂತಿತ್ತು. ಆಗ ಅವನ ಕಣ್ಣ ಮುಂದೆ ಬಂದದ್ದು ಬಸ್ ಓಡಿಸಿದ ಮುದುಕನಲ್ಲ. ಬಂದವರು ಬೀಗಿತ್ತಿ, ಅಷ್ಟು ಜನ ನೆಂಟರ ನಡುವೆ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮುದುಕನ ಮುಖವನ್ನು ನೆನಪಿಗೆ ತಂದುಕೊಳ್ಳಲು ಅವನು ಪ್ರಯತ್ನಪಟ್ಟ. ಅದು ಬರಲಿಲ್ಲ. ಇಂಥ ಹೊತ್ತಿನಲ್ಲೂ ತನಗೆ ಹೆಚ್ಚಾಗಿ ಕಂಡದ್ದು ಇದೇ ಎಂಬುದು ಅವನಿಗೆ ಚೆನ್ನಾಗಿ ಅರ್ಥವಾಯಿತು, ಅರ್ಥವಾದದ್ದರಿಂದ ಏನೂ ಬದಲಾಗಲಿಲ್ಲ.

"ಗೊತ್ತಿಲ್ಲ ಸಾರ್," ಎಂದ.

"ಗೊತ್ತಿಲ್ಲ ಅಂದ್ರೆ ನಾನೇನು ಮಾಡ್ಲಿ?" ದೊಡ್ಡವರು ಪತ್ರಗಳನ್ನು ಒಟ್ಟುಮಾಡಿ ಮೇಜಿಗೆ ಕುಟ್ಟಿ ಅಂಚು ಸರಿಮಾಡಿದರು. ಕಡತ ಅವನ ಮುಂದೆ ಬಂತು. ಪಕ್ಕದವರು ಪೆನ್ನು ಕೊಟ್ಟರು. ಸೀಟಪ್ಪ ಕೊನೆಯ ಪುಟದ ಸಾಲನ್ನು ಓದದೆ, ಅದರ ಕೆಳಗೆ ತನ್ನ ಪೂರ್ತಿ ಹೆಸರನ್ನು ಬರೆದ.

ಹದಿನಾಲ್ಕು ತಿಂಗಳ ಮೇಲೆ ವಿಮಾನಗಳು ಬರತೊಡಗಿದವು. ಮೂವತ್ತಾರಕ್ಕೂ ನೂರೆಂಬತ್ತಾರು ಸೀಟು, ಎರಡು ಟಾಯ್ಲೆಟ್ಟು.