ಪ್ಲೇಟು ಮುಗಿದ ಮೇಲಿನ ಮಾತು

ಸಂಗೀತವಿಲ್ಲದೆ ಕಾದಂಬರಿಕಾರರಿಗೆ ಒಂದು ಸಾಲೂ ಹುಟ್ಟುವುದಿಲ್ಲ ಎಂಬ ಸಂಗತಿ ಊರಿಗೆಲ್ಲ ಗೊತ್ತಿತ್ತು. ಯಾರಿಗಾದರೂ ಗೊತ್ತಾಗದೆ ಹೋದೀತೆಂದು ಅವರೇ ಸಿಕ್ಕ ಸಿಕ್ಕ ಕಡೆ ಹೇಳಿಕೊಂಡು ಬಂದಿದ್ದರು. "ಪಿಟೀಲು ನುಡಿದು ನಿಲ್ಲುತ್ತದಲ್ಲ, ಆ ನಿಂತ ಗಳಿಗೆಯಲ್ಲಿ ನನ್ನ ಹೆಣ್ಣುಮಕ್ಕಳು ಬಾಯಿ ತೆರೆಯುತ್ತಾರೆ" ಎಂಬುದು ಸಂದರ್ಶನಕ್ಕೆಂದು ಬಂದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ. ಹೆಣ್ಣುಮಕ್ಕಳು ಎಂದರೆ ಕಾದಂಬರಿಯೊಳಗಿನವರು. ಮನೆಯೊಳಗಿನ ಇಬ್ಬರು, ಅಂದರೆ ಅವರ ಹೆಂಡತಿ ಮತ್ತು ಅವರ ಅಕ್ಕ, ಪಿಟೀಲು ನುಡಿಯುವಾಗಲೂ ಮಾತಾಡುತ್ತಿದ್ದರು, ನಿಂತಾಗಲೂ ಮಾತಾಡುತ್ತಿದ್ದರು. ಅದನ್ನು ಯಾರೂ ಬರೆದುಕೊಂಡಿರಲಿಲ್ಲ.

ಬೀದಿಯ ಕಡೆಗೆ ಅವರ ಬರೆಯುವ ಕೋಣೆ. ಅದರ ಬೆನ್ನಿಗೇ ಅಡುಗೆಮನೆ. ನಡುವೆ ಒಂದು ಗೋಡೆ, ಗೋಡೆಯ ಮೇಲ್ತುದಿಯಲ್ಲಿ ಗಾಳಿಗೆಂದು ಬಿಟ್ಟ ಗವಾಕ್ಷಿ. ಅದರ ಗಾಜು ಯಾವ ಕಾಲದಲ್ಲೋ ಒಡೆದುಹೋಗಿತ್ತು. ಹಾಕಿಸೋಣ ಹಾಕಿಸೋಣ ಎನ್ನುತ್ತಲೇ ಮಗಳ ಮದುವೆಯೂ ಆಗಿಹೋಯಿತು. ಮೇಜಿನ ಪಕ್ಕದಲ್ಲಿ ಹಾಡಿನ ಪ್ಲೇಟು ತಿರುಗಿಸುವ ಹಳೆಯ ಗ್ರಾಮೊಫೋನು ಪೆಟ್ಟಿಗೆ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರೇ ಕಾದಂಬರಿಕಾರರು ಒಂದು ಪ್ಲೇಟು ತೆಗೆದು, ಅಂಗಿಯ ತೋಳಿನಿಂದ ಧೂಳು ಒರೆಸಿ, ಮುಳ್ಳು ಇಡುತ್ತಿದ್ದರು. ವಯಸ್ಸಾದ ಕಿವಿ, ಸದ್ದು ಜೋರಾಗಿಯೇ ಇರಬೇಕು. ಪಿಟೀಲು ಏರಿದಂತೆ ಗೋಡೆಯಾಚೆಯ ಇಬ್ಬರೂ ದನಿ ಏರಿಸುತ್ತಿದ್ದರು. ಅಕ್ಕನಿಗಂತೂ ಏರಿಸುವ ಕಷ್ಟವೂ ಇರಲಿಲ್ಲ. ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತು, ಗಾಜಿನಾಚೆಯವರಿಗೆ ಕೇಳಿಸುವಂತೆ ಕೂಗಿ ಕೂಗಿ ಸವೆಸಿದ ಆಯುಸ್ಸು ಅವಳದು.

ಪ್ಲೇಟಿನ ಒಂದು ಮಗ್ಗುಲು ಮುಗಿದಾಗ ಪಿಟೀಲು ಗಕ್ಕನೆ ನಿಲ್ಲುತ್ತಿತ್ತು. ಆಚೆಯವರಿಗೆ ಅದು ತಕ್ಷಣ ಗೊತ್ತಾಗಬೇಕಲ್ಲ? ಪಿಟೀಲನ್ನು ಮೀರಿಸಲು ಎತ್ತಿದ ಗಂಟಲು ಇಳಿಯುವಷ್ಟರಲ್ಲಿ ಒಂದು ಮಾತೋ ಒಂದೂವರೆ ಮಾತೋ ಬೆತ್ತಲೆಯಾಗಿ ಗವಾಕ್ಷಿಯಿಂದ ಈಚೆಗೆ ಬಿದ್ದುಬಿಡುತ್ತಿತ್ತು. ಕಾದಂಬರಿಕಾರರು ಆಗ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಒಂದು ಸಾಲು ಬಂದು ಎದೆಗೆ ತಾಗಿದಂತಾಗುತ್ತಿತ್ತು. ಎಲ್ಲಿಂದ ಬಂತು? ನಾದದಿಂದ ಬಂತು. ಬರೆದುಕೊಂಡು, ಎದ್ದು, ಪ್ಲೇಟಿನ ಮಗ್ಗುಲು ಬದಲಿಸುತ್ತಿದ್ದರು. ಹೀಗೆ ತಲೆಗೂದಲು ಬೆಳ್ಳಗಾಯಿತು, ಕಾದಂಬರಿಗಳು ಕಪಾಟು ತುಂಬಿದವು. "ಇವರ ಸ್ತ್ರೀಯರು ಪಿಸುಗುಟ್ಟುವುದಿಲ್ಲ, ಘೋಷಿಸುತ್ತಾರೆ" ಎಂದು ದೊಡ್ಡ ವಿಮರ್ಶಕರೊಬ್ಬರು ಬರೆದರು. ಘೋಷಿಸದೆ ಏನು ಮಾಡುತ್ತಾರೆ, ಪಾಪ, ಪಿಟೀಲಿಗೆ ಎದುರಾಗಿ ನಿಂತವರು.

ಈಗ ಬರೆಯುತ್ತಿದ್ದ ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಹೆಂಡತಿ ಮಕ್ಕಳನ್ನು ಬಿಟ್ಟು ಎತ್ತಲೋ ಹೋಗಿದ್ದ ಗಂಡ ವರ್ಷಗಟ್ಟಲೆ ಕಳೆದ ಮೇಲೆ ಒಂದು ಮಧ್ಯಾಹ್ನ ತಿರುಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ನಾಯಕಿ ಬಾಗಿಲು ತೆರೆಯುತ್ತಾಳೆ. ಕಥೆ ಅಲ್ಲಿಗೆ ಬಂದು ನಿಂತ ವಾರವೇ ಮಗಳು ಅಳಿಯ ಮನೆಗೆ ಬಂದರು. ಅಳಿಯನದು ರೇಡಿಯೊ, ಟೀವಿ ಮಾರುವ ಅಂಗಡಿ.

"ಮಾವ, ಇನ್ನೂ ಈ ಡಬ್ಬ ಇಟ್ಕೊಂಡಿದೀರಾ?" ಎಂದು ಅವನು ಕೈಚೀಲದಿಂದ ಒಂದು ಹೆಡ್‌ಫೋನು ತೆಗೆದ. ಕಿವಿಯ ಮೇಲೆ ದಿಂಬು ಇಟ್ಟ ಹಾಗೆ ಮೆತ್ತಗಿತ್ತು. "ಇದನ್ನ ಹಾಕ್ಕೊಂಡ್ರೆ ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳ್ಸಲ್ಲ. ಪ್ಲೇಟು ಮಗುಚೋ ಕೆಲಸಾನೇ ಇಲ್ಲ. ಹಾಕಿಬಿಟ್ರೆ ನೀವು ಸಾಕು ಅನ್ನೋವರೆಗೂ ಹಾಡ್ತಾನೇ ಇರುತ್ತೆ."

"ನಮಗೂ ಕೇಳ್ಸಲ್ವಾ?" ಎಂದಳು ಹೆಂಡತಿ.

"ಇಲ್ಲ ಅತ್ತೆ. ಮಾವನಿಗೆ ಮಾತ್ರ."

"ನೀನು ನೂರು ಕಾಲ ಬಾಳಪ್ಪ" ಎಂದಳು ಅಕ್ಕ.

ಕಾದಂಬರಿಕಾರರು ಹೆಡ್‌ಫೋನು ಹಾಕಿಕೊಂಡರು. ಪಿಟೀಲಿನ ಕಮಾನು ತಂತಿಯ ಮೇಲೆ ಎಳೆಯುವಾಗಿನ ಸಣ್ಣ ಉಜ್ಜಾಟವೂ, ನುಡಿಸುವವನು ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಇಷ್ಟು ದಿನ ಕೇಳಿದ್ದು ಸಂಗೀತವೇ ಅಲ್ಲ ಎನ್ನಿಸಿ ಕಣ್ಣಲ್ಲಿ ನೀರು ಬಂತು. ಇನ್ನು ಬರವಣಿಗೆ ಹರಿಯುವುದಷ್ಟೇ ಬಾಕಿ ಎಂದು ಪೆನ್ನಿಗೆ ಇಂಕು ತುಂಬಿದರು.

ಹರಿಯಿತು ಕೂಡ. ಬಾಗಿಲಲ್ಲಿ ನಿಂತ ಗಂಡನಿಗೆ ನಾಯಕಿ ಹೇಳಿದಳು: "ನಿನ್ನ ಆಗಮನವು ನನ್ನ ಮೌನದ ಕೊಳವನ್ನು ಕದಡಿದೆ." ಮುಂದಿನ ವಾರ ಆ ಕೊಳದ ಆಳದ ಬಗ್ಗೆ ಹೇಳಿದಳು. ಅದರ ಮುಂದಿನ ವಾರ ಕಿಟಕಿಯ ಕಡೆ ನೋಡಿದಳು.

ವಾರಪತ್ರಿಕೆಯ ಸಂಪಾದಕಿ ಫೋನು ಮಾಡಿದಳು. ಮಗಳ ವಯಸ್ಸಿನವಳು, ಮರ್ಯಾದೆ ಬಲ್ಲವಳು, ಆದರೂ ಬಾಯಿಗೆ ಬಂದದ್ದನ್ನು ನುಂಗುವವಳಲ್ಲ. "ಸಾರ್, ಬೇಜಾರು ಮಾಡ್ಕೋಬೇಡಿ. ನಮ್ಮಮ್ಮ ಕೇಳ್ತಿದಾರೆ, ಅವಳಿಗೇನಾಯ್ತು, ಮೈ ಹುಷಾರಿಲ್ವಾ ಅಂತ."

"ಯಾರಿಗಮ್ಮಾ?"

"ನಿಮ್ಮ ನಾಯಕಿಗೆ ಸಾರ್. ಮೊದಲೆಲ್ಲ ಎಷ್ಟು ಚೆನ್ನಾಗಿ ಮಾತಾಡ್ತಿದ್ಲು. ಈಗ ಭಾಷಣಕ್ಕೆ ಕರೆದ ಹಾಗೆ ಮಾತಾಡ್ತಾಳೆ. ಓದುಗರ ಕಾಗದ ಬರೋದೂ ನಿಂತಿದೆ. ಸೋಮವಾರದೊಳಗೆ ಅವಳು ಅವನಿಗೆ ಏನಾದ್ರೂ ಒಂದು ನಿಜವಾದ ಮಾತು ಹೇಳ್ಲಿ ಸಾರ್. ಇಲ್ದಿದ್ರೆ ಅವನನ್ನ ಬಾಗಿಲಲ್ಲೇ ನಿಲ್ಸಿ, ಕೆಳಗೆ 'ಮುಗಿಯಿತು' ಅಂತ ಹಾಕ್ಬಿಡು ಅಂತಿದಾರೆ ಮಾಲೀಕರು."

ಕಾದಂಬರಿಕಾರರ ಮುಖ ಹುಳ್ಳಗಾಯಿತು. ಇಡೀ ಆಯುಸ್ಸಿನಲ್ಲಿ ಅರ್ಧಕ್ಕೆ ನಿಂತ ಕಾದಂಬರಿ ಅವರದು ಒಂದೂ ಇರಲಿಲ್ಲ. ಈ ವಯಸ್ಸಿನಲ್ಲಿ ಹಾಗಾದರೆ, ಮುದುಕನ ಸರಕು ಮುಗಿಯಿತು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳದಿದ್ದರೆ ಇನ್ನೂ ಕೆಟ್ಟದ್ದು. ಹೆಡ್‌ಫೋನಿನಲ್ಲಿ ಕೊಳಲು ಕೇಳಿದರು, ವೀಣೆ ಕೇಳಿದರು, ಬರೀ ಮಳೆಯ ಸದ್ದನ್ನೂ ಕೇಳಿದರು. ನಾಯಕಿ ಬಾಯಿ ಬಿಡಲೊಲ್ಲಳು.

ಕೊನೆಗೆ ತಮ್ಮದೇ ಹಳೆಯ ಕಾದಂಬರಿಯೊಂದನ್ನು ಕಪಾಟಿನಿಂದ ಇಳಿಸಿಕೊಂಡು, ಧೈರ್ಯಕ್ಕೆಂದು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು. "'ಸುಮ್ಮನಿರು ಅಂತೀಯಲ್ಲ, ಸತ್ತ ಮೇಲೆ ಸುಮ್ಮನಿರೋದು ಇದ್ದೇ ಇದೆ. ಈಗ ಬಾಯಿಗೆ ರಜ ಯಾಕೆ ಕೊಡ್ಲಿ?' ನೋಡಿ, ಇದನ್ನ ಬರೆದವನು ನಾನೇನಾ!"

"ಬರೆದವನು ನೀನೇ. ಹೇಳಿದೋಳು ನಾನು" ಎಂದಳು ಅಕ್ಕ, ತಟ್ಟೆಯಿಂದ ಕಣ್ಣೆತ್ತದೆ.

"ಏನು?"

"ರವಿಕೆ ಕೆಡಿಸಿದ್ನಲ್ಲ, ಆ ದರ್ಜಿಗೆ ಹೇಳಿದ್ದು. ಮನೆಗೆ ಬಂದು ಇವಳ ಹತ್ರ ಹೇಳ್ತಿದ್ದೆ, ನಿನ್ನ ಪ್ಲೇಟು ನಿಂತೋಯ್ತು. ಮುಂದಿನ ತಿಂಗಳು ನೋಡಿದ್ರೆ ನಿನ್ನ ಪುಸ್ತಕದಲ್ಲಿ ಅಚ್ಚಾಗಿದೆ."

ಹೆಂಡತಿ ಪುಸ್ತಕ ಎಳೆದುಕೊಂಡು ಪುಟ ಮಗುಚಿದಳು. ಗಂಡನ ಕಾದಂಬರಿಗಳನ್ನು ಅವಳು ಓದಿದವಳಲ್ಲ, ಮನುಷ್ಯನೇ ಮನೆಯಲ್ಲಿರುವಾಗ ಪುಸ್ತಕ ಯಾಕೆ ಎನ್ನುವವಳು. "ಅಯ್ಯೋ, ಈ ನಲ್ಲಿ ಮಾತು ನಂದು!" ಎಂದಳು. "'ಇದಕ್ಕೆ ಅಳೋಕೆ ಬರುತ್ತೆ, ನಿಲ್ಸೋಕೆ ಬರಲ್ಲ.' ನಲ್ಲಿ ರಿಪೇರಿಯವನಿಗೆ ಅಂದಿದ್ದು. ಇದರಲ್ಲಿ ಮಗಳನ್ನ ಕಳ್ಕೊಂಡೋಳ ಬಾಯಲ್ಲಿ ಹಾಕಿದೀರಲ್ಲ!"

ಕಾದಂಬರಿಕಾರರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಗೋಡೆಯ ಗವಾಕ್ಷಿ ನೋಡಿದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು.

"ಅಕ್ಕಾ, ಗೊತ್ತಿದ್ದೂ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಬೇಕಂತ್ಲೇ ಕದೀತಿದೀಯ ಅಂದ್ಕೊಂಡಿದ್ದೆ ಪುಟ್ಟಾ. ಕದೀಲಿ, ನಮ್ಮ ಮಾತು ಅಂದ್ರೆ ಇವನಿಗೆ ಅಷ್ಟಾದ್ರೂ ಬೆಲೆ ಇದೆಯಲ್ಲ ಅಂತ ಒಳಗೊಳಗೇ ಖುಷಿಯಾಗಿತ್ತು. ಪಿಟೀಲು ಹೇಳಿಕೊಡ್ತು ಅಂದ್ಕೊಂಡಿದ್ಯಾ?" ಅಕ್ಕ ಈಗ ತಲೆಯೆತ್ತಿದಳು. "ನಿಜವಾಗ್ಲೂ?"

ಮರುದಿನ ಕಾದಂಬರಿಕಾರರು ಒಂದು ಮಣೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಕೂತರು. ಕದಿಯುವುದಿಲ್ಲ, ಎದುರಿಗೇ ಕೂತು ಗೌರವವಾಗಿ ಕೇಳಿಸಿಕೊಳ್ಳುತ್ತೇನೆ ಎಂದರು. ಅಕ್ಕ ಹುರುಳಿಕಾಯಿ ಮುರಿಯುತ್ತಿದ್ದಳು. ಹೆಂಡತಿ ಈರುಳ್ಳಿ ಸುಲಿಯುತ್ತಿದ್ದಳು.

"ಹುರುಳಿಕಾಯಿ ಎಳೇದಾಗಿದೆ" ಎಂದಳು ಅಕ್ಕ.

"ಹೌದು ಅತ್ತಿಗೆ. ಎಳೇದಾಗಿದೆ."

"ಈರುಳ್ಳಿ ಹೇಗಿದೆ?"

"ಚೆನ್ನಾಗಿದೆ ಅತ್ತಿಗೆ."

ಇಬ್ಬರೂ ಕಾದಂಬರಿಕಾರರ ಕಡೆ ನೋಡಿದರು, ಸಾಕೇ ಎನ್ನುವಂತೆ. "ನಾನಿಲ್ಲ ಅಂದ್ಕೊಳ್ಳಿ" ಎಂದರು ಅವರು. ಅಂದುಕೊಂಡು ಮಾತಾಡುವುದು ಯಾರಿಂದಾಗುತ್ತದೆ? ಅಕ್ಕ ಸೆರಗು ಸರಿಮಾಡಿಕೊಂಡಳು. ಹೆಂಡತಿ ಕೂದಲು ಒಪ್ಪ ಮಾಡಿಕೊಂಡಳು. ಫೋಟೋ ತೆಗೆಸಿಕೊಳ್ಳಲು ಕೂತವರ ಹಾಗೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿ ಕೂತು ಹವಾಮಾನದ ಬಗ್ಗೆ ಒಳ್ಳೆಯ ಅಭಿಪ್ರಾಯಗಳನ್ನು ಹೇಳಿದರು. ಸ್ವಲ್ಪ ಹೊತ್ತಿಗೆ ಹೆಂಡತಿಗೆ ತಡೆಯಲಿಲ್ಲ. "ರೀ, ಎದ್ದು ಹೋಗಿ. ಬಾಯಿ ಕಟ್ಟಿ ಹಾಕಿದ ಹಾಗಾಗಿದೆ ನಮಗೆ."

ಆಗ ಕಾದಂಬರಿಕಾರರಿಗೆ ಪೂರ್ತಿ ಅರ್ಥವಾಯಿತು. ಕೇಳುವವನು ಇದ್ದಾನೆಂದು ತಿಳಿದರೆ ಮಾತು ಹುಟ್ಟುವುದಿಲ್ಲ. ಅವನು ಪಿಟೀಲಿನಲ್ಲಿ ಮುಳುಗಿಹೋಗಿದ್ದಾನೆ ಎಂಬ ನಂಬಿಕೆ ಬೇಕು. ಅಂದಮೇಲೆ ತನಗೆ ಸಂಗೀತ ಬೇಕೇ ಬೇಕು, ತಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳೇನಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು. ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ, ಪ್ಲೇಟಿನ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದರು.

ಆದರೆ ಗುಟ್ಟು ಗೊತ್ತಾದ ಮೇಲೆ ನಂಬಿಕೆ ಬರುವುದು ಸುಲಭವೇ? ಪಿಟೀಲು ನುಡಿಯುವಾಗ ಆಚೆಯವರು ಮಾತಾಡಿದರೂ ಒಂದು ಕಿವಿ ಈಚೆಗೇ ಇಟ್ಟಿರುತ್ತಿದ್ದರು. ಮಗ್ಗುಲು ಮುಗಿದಾಗ ಗವಾಕ್ಷಿಯಿಂದ ಬಿದ್ದದ್ದು ಅಕ್ಕನ ಕೆಮ್ಮು. ಇನ್ನೊಂದು ಸಲ ಹೆಂಡತಿಯ ದನಿ: "ಮುಗೀತು ಅತ್ತಿಗೆ, ಶ್!" ಶನಿವಾರ ಹೋಯಿತು. ಭಾನುವಾರವೂ ಮಧ್ಯಾಹ್ನಕ್ಕೆ ಬಂತು. ನಾಯಕಿ ಬಾಗಿಲು ಹಿಡಿದು ನಿಂತೇ ಇದ್ದಳು, ಅವಳ ಗಂಡನೂ ನಿಂತೇ ಇದ್ದ. ಕಾದಂಬರಿಕಾರರಿಗೆ ಅವನ ಕಾಲುನೋವು ತಮ್ಮ ಕಾಲಿಗೆ ಬಂದಂತಾಯಿತು.

ಇನ್ನು ಮಾನ ಮರ್ಯಾದೆ ನೋಡಿ ಪ್ರಯೋಜನವಿಲ್ಲ, ಹೆಂಡತಿಯನ್ನು ನೇರವಾಗಿಯೇ ಕೇಳಿಬಿಡುವುದು ಎಂದುಕೊಂಡು, ಪಿಟೀಲು ನುಡಿಯುತ್ತಿದ್ದಂತೆಯೇ ಎದ್ದರು. ಬಿಟ್ಟುಹೋದವನು ತಿರುಗಿ ಬಂದಿದ್ದಾನೆ, ಒಳಗೆ ಕರೆಯುತ್ತೀಯೋ, ಹೋಗು ಎನ್ನುತ್ತೀಯೋ, ಹೇಳು ಎಂದು ಕೇಳಬೇಕು. ಪಾತ್ರೆಯೆಲ್ಲ ತೊಳೆದಾಗಿ ಹೆಂಡತಿ ಬಗ್ಗಿಕೊಂಡು ನೆಲ ಒರೆಸುತ್ತಿದ್ದಳು. ಅಕ್ಕ ಅತ್ತ ಕಡೆಯ ಕುರ್ಚಿಯ ಮೇಲೆ ಕಾಲು ಮೇಲಿಟ್ಟು ಕೂತು ಪಕ್ಕದ ಮನೆಯ ಜಗಳ ಹೇಳುತ್ತಿದ್ದಳು. ಕಾದಂಬರಿಕಾರರು ಹೊಸಿಲು ದಾಟಿ ಒಂದು ಕಾಲು ಒಳಗಿಟ್ಟು ಬಾಯಿ ತೆರೆದರು. ಅದೇ ಗಳಿಗೆಗೆ ಪ್ಲೇಟಿನ ಮಗ್ಗುಲು ಮುಗಿಯಿತು. ಪಿಟೀಲನ್ನು ಮೀರಿಸಲು ಎತ್ತಿದ ದನಿಯಲ್ಲಿ ಹೆಂಡತಿ ಕಿರುಚಿದಳು:

"ಅಲ್ಲೇ ನಿಂತಿರಿ! ಈಗ ತಾನೇ ಒರೆಸಿದೀನಿ. ಒಣಗೋವರೆಗೂ ಒಳಗೆ ಕಾಲಿಡಬೇಡಿ!"

ಕಾದಂಬರಿಕಾರರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಒದ್ದೆ ನೆಲದ ಮೇಲೆ ಒಂದು ಹೆಜ್ಜೆಯ ಗುರುತು ಉಳಿಯಿತು.

ಓಡಿಹೋಗಿ ಬರೆದುಕೊಳ್ಳಬಹುದಿತ್ತು, ಕೋಣೆ ಬೆನ್ನ ಹಿಂದೆಯೇ ಇತ್ತು. ಅವರು ಹೋಗಲಿಲ್ಲ. ನಿಲ್ಲು ಎನ್ನಿಸಿಕೊಂಡವನು ನಿಲ್ಲಬೇಕು. ನಿಂತು ನೋಡಿದರು. ಒಲೆಯ ಹತ್ತಿರದ ನೆಲ ಮೊದಲು ಒಣಗಿತು, ಆಮೇಲೆ ಕಿಟಕಿಯ ಬಿಸಿಲು ಬೀಳುವ ಜಾಗ. ಹೊಸಿಲ ಬಳಿಯ ಒದ್ದೆ ಬೇಗ ಹೋಗಲಿಲ್ಲ. ಹೊರಗೆ ಹೋಗು ಎಂದಿರಲಿಲ್ಲ ಅವಳು, ಒಳಗೆ ಬಾ ಎಂದೂ ಇರಲಿಲ್ಲ. ಇಷ್ಟು ವರ್ಷ ಈ ನೆಲವನ್ನು ಇವಳು ಒರೆಸುತ್ತಿದ್ದಾಗ ತಾನು ಗೋಡೆಯ ಆಚೆಗಿದ್ದೆ ಎಂದು ಅವರಿಗೆ ಅನ್ನಿಸಿತು. ಹೀಗೆ ಅನ್ನಿಸಿದ್ದನ್ನು ಪಿಟೀಲಿನ ಲೆಕ್ಕಕ್ಕೆ ಬರೆಯುವ ಹಾಗಿರಲಿಲ್ಲ.

"ಯಾಕೆ ಕಂಬದ ಹಾಗೆ ನಿಂತಿದಾನೆ ಇವನು?" ಎಂದಳು ಅಕ್ಕ.

"ನಿಲ್ಲಿ ಅಂದಿದ್ದಕ್ಕೆ" ಎಂದಳು ಹೆಂಡತಿ. ಅವಳಿಗೇ ಆಶ್ಚರ್ಯವಾಗಿತ್ತು. "ಹೇಳಿದ ಮಾತು ಕೇಳ್ತಿದಾರೆ ಅತ್ತಿಗೆ, ಮೈ ಬಿಸಿ ಇದೆಯಾ ನೋಡ್ಬೇಕು."

ಸೋಮವಾರ ನಾಯಕಿ ಬಾಯಿ ಬಿಟ್ಟಳು. ತಿರುಗಿ ಬಂದ ಗಂಡನಿಗೆ, ಈಗ ತಾನೇ ನೆಲ ಒರೆಸಿದ್ದೇನೆ, ಒಣಗುವವರೆಗೂ ಅಲ್ಲೇ ನಿಂತಿರು ಎಂದಳು. ಮುಂದಿನ ಕಂತಿನ ತುಂಬ ಅವನು ನಿಂತು ನೆಲ ಒಣಗುವುದನ್ನೇ ನೋಡಿದ, ಎಲ್ಲ ಒಣಗಿದ ಮೇಲೂ ಅವನ ಒಂದು ಹೆಜ್ಜೆಗುರುತು ಉಳಿಯಿತು. ಸಂಪಾದಕಿಯ ತಾಯಿ ಅತ್ತರಂತೆ. ಓದುಗರ ಕಾಗದಗಳು ಮತ್ತೆ ಬಂದವು. ಕಾದಂಬರಿ ಮುಗಿದು ಪುಸ್ತಕವಾಯಿತು, ಪುಸ್ತಕಕ್ಕೊಂದು ಸಭೆಯಾಯಿತು.

ಸಭೆಯಲ್ಲಿ ಆ ದೊಡ್ಡ ವಿಮರ್ಶಕರೇ ಮಾತಾಡಿದರು. ಒದ್ದೆ ನೆಲವೆಂದರೆ ಕಾಲ, ಎಲ್ಲ ಒಣಗಿದ ಮೇಲೂ ಉಳಿದುಬಿಡುವ ಆ ಒಂದು ಹೆಜ್ಜೆಗುರುತು ಎಂದರೆ ಕ್ಷಮೆಯಿಲ್ಲದ ನೆನಪು ಎಂದು ವಿವರಿಸಿದರು. ಆಮೇಲೆ ಕಾದಂಬರಿಕಾರರ ಕಡೆ ತಿರುಗಿ, "ಆ ಸಾಲು ಹುಟ್ಟಿದಾಗ ಯಾವ ಸಂಗೀತ ಕೇಳುತ್ತಿದ್ದಿರಿ?" ಎಂದು ಕೇಳಿದರು.

ಮೂರನೆಯ ಸಾಲಿನಲ್ಲಿ ಹೆಂಡತಿಯೂ ಅಕ್ಕನೂ ಕೂತಿದ್ದರು. ಕಾದಂಬರಿಕಾರರು ಅವರನ್ನು ನೋಡಿದರು. ಈ ಒಂದು ಸಲವಾದರೂ ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದೆಂದು ನಿಶ್ಚಯಿಸಿಕೊಂಡರು.

"ಯಾವುದೂ ಇಲ್ಲ" ಎಂದರು. "ಪ್ಲೇಟು ಮುಗಿದಿತ್ತು."

ಮೌನದಿಂದ ಹುಟ್ಟಿದ ಸಾಲು ಎಂದೇ ಸಭೆ ತಿಳಿಯಿತು. ಆಮೇಲೆ ಎಂಥ ಚಪ್ಪಾಳೆ! ವಿಮರ್ಶಕರು ಕಣ್ಣು ಮುಚ್ಚಿ ತಲೆದೂಗಿದರು. "ಅಲ್ಲ, ಹಾಗಲ್ಲ, ನಮ್ಮ ಮನೇಲಿ ಇವಳು ನೆಲ ಒರೆಸ್ತಾ..." ಎಂದು ಕಾದಂಬರಿಕಾರರು ಮೈಕಿನ ಮುಂದೆ ಬಾಯಿ ಆಡಿಸಿದರು. ಮಾತು ಚಪ್ಪಾಳೆಯಲ್ಲಿ ಕೊಚ್ಚಿಹೋಯಿತು. ಮೂರನೆಯ ಸಾಲಿನಲ್ಲಿ ಹೆಂಡತಿ ಅಕ್ಕನ ಕಿವಿಯ ಹತ್ತಿರ ಬಾಗಿ, ಚಪ್ಪಾಳೆಯನ್ನು ಮೀರಿಸುವ ಹಾಗೆ ದನಿ ಎತ್ತಿ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ಚಪ್ಪಾಳೆ ಗಕ್ಕನೆ ನಿಂತಿತು.

"...ಗುರುತು ಉಳಿಯೋದು ಎಲ್ಲಿಂದ ಬಂತು ಅತ್ತಿಗೆ, ಮತ್ತೆ ಬಗ್ಗಿ ಒರೆಸಿದೋಳು ನಾನು!"

ಇಡೀ ಸಭೆ ತಿರುಗಿ ನೋಡಿತು. ವೇದಿಕೆಯ ಮೇಲೆ ಕಾದಂಬರಿಕಾರರ ಕೈ ಮಾತ್ರ, ಅವರನ್ನು ಕೇಳದೆಯೇ, ಜೇಬಿನ ಪೆನ್ನನ್ನು ತಡಕುತ್ತಿತ್ತು.